ಮೂಟೆ ಇಳಿಸುವ ಜಾಗ

ಮುಳಬಾಗಿಲಿನ ಬಸ್ ಸ್ಟ್ಯಾಂಡ್ ಹತ್ತಿರ ನಮ್ಮಪ್ಪ ಬಿಟ್ಟುಹೋದ ಆರು ಹೆಂಚಿನ ಅಂಗಡಿಗಳಿದ್ದವು. ಅವನ್ನು ಕೆಡವಿ ಕಾಂಪ್ಲೆಕ್ಸ್ ಕಟ್ಟಿಸಿದವನು ನಾನು. ಕಟ್ಟಿಸಿದ್ದಕ್ಕೆ ಬೇಸರವಿಲ್ಲ. ಒಬ್ಬರನ್ನು ಅಲ್ಲಿಂದ ಎಬ್ಬಿಸಿದೆನಲ್ಲ, ಅದು ಈಗಲೂ ಚುಚ್ಚುತ್ತದೆ.

ಹಳೆಯ ಅಂಗಡಿಗಳ ಮುಂದಿನ ಕಲ್ಲು ಜಗಲಿಯ ಮೇಲೆ ಸಾಬರೊಬ್ಬರು ಕೂತು ಕೊಡೆ, ಬೀಗ ರಿಪೇರಿ ಮಾಡುತ್ತಿದ್ದರು. ಆವನಿ ಕಡೆಯಿಂದ ಬಂದು ಬಸ್ಸಿಳಿದ ಹೆಂಗಸರು ಮೊದಲು ಅವರ ಬಳಿ ಹೋಗಿ, "ಸಾಬೂ, ಮೂಟ ಚೂಸ್ಕೋ" ಎಂದು ತೆಲುಗಿನಲ್ಲೇ ನೋಡಿಕೊಳ್ಳಲು ಹೇಳಿ ತಲೆಯ ಮೇಲಿನ ಮೂಟೆ ಇಳಿಸುತ್ತಿದ್ದರು. ಆಮೇಲೆ ಕೈಬೀಸಿಕೊಂಡು ನಮ್ಮ ಅಂಗಡಿಗಳಿಗೆ ನುಗ್ಗುತ್ತಿದ್ದರು. ಸಾಬರು ತಲೆಯೆತ್ತದೆ ಹೂಂ ಅನ್ನುತ್ತಿದ್ದರು, ಅಷ್ಟೆ. ಚೀಟಿಯಿಲ್ಲ, ಗುರುತಿಲ್ಲ, ಯಾವ ಮೂಟೆ ಯಾರದೆಂದು ಅವರಿಗೆ ಗೊತ್ತಿರುತ್ತಿತ್ತು. ನನ್ನ ಕಣ್ಣಿಗೆ ಅದೆಲ್ಲ ಬರೀ ಗಲೀಜು.

ನಕ್ಷೆ ಮಾಡಿದ ಬೆಂಗಳೂರಿನ ಎಂಜಿನಿಯರ್, ಬರೀ ಬಾಡಿಗೆ ನೋಡಬೇಡಿ, ಜನ ಬಂದು ನಿಲ್ಲುವಂಥ ಜಾಗ ಮಾಡಿ, ವ್ಯಾಪಾರ ತಾನಾಗಿ ಬರುತ್ತದೆ ಎಂದರು. ನನಗೆ ಹುರುಪು ಬಂತು. ಜಗಲಿ ಒಡೆಸಿ, ಶಿವಾರಪಟ್ಟಣದಿಂದ ಆನೆ ಕೆತ್ತಿದ ಕಲ್ಲುಬೆಂಚು ತರಿಸಿದೆ. ಕೂತವರು ಕೊಳೆ ಮಾಡಬಾರದೆಂದು ವಾಚ್‌ಮನ್ ಒಬ್ಬನನ್ನೂ ಇಟ್ಟೆ. ಸಾಬರಿಗೆ ಎರಡನೇ ಮಹಡಿಯಲ್ಲಿ ಪುಟ್ಟ ಮಳಿಗೆ ಕೊಟ್ಟು, ಮಹಾ ಉಪಕಾರ ಮಾಡಿದವನಂತೆ ಎದೆಯುಬ್ಬಿಸಿದೆ.

"ಮೆಟ್ಲು ಜಾಸ್ತಿ ಆಯ್ತಲ್ಲಣ್ಣ," ಎಂದರು ಅವರು.

ಮಂಡಿನೋವಿನ ಮಾತು ಅಂದುಕೊಂಡೆ. "ಲಿಫ್ಟ್ ಬರುತ್ತೆ ಬಿಡಿ ಸಾಬ್ರೇ," ಅಂದೆ.

ತಿಂಗಳು ತುಂಬುವ ಮೊದಲೇ ಅವರು ಬೀಗದ ಕೈ ವಾಪಸ್ ಕೊಟ್ಟು ಹೋದರು. ಆಮೇಲೆ ಕೆಳಗಿನ ಬಟ್ಟೆ ಅಂಗಡಿಯವನು, ಪಾತ್ರೆ ಅಂಗಡಿಯವನು ಒಬ್ಬೊಬ್ಬರಾಗಿ ಗೊಣಗತೊಡಗಿದರು: ಹಳ್ಳಿ ಹೆಂಗಸರು ಈ ಕಡೆ ತಲೆಯೇ ಹಾಕುತ್ತಿಲ್ಲ. ಆನೆಯ ಬೆಂಚಿನ ಮೇಲೆ ವಾಚ್‌ಮನ್ ಒಬ್ಬನೇ ಕೂತಿರುತ್ತಿದ್ದ. ಮೂಟೆ ಹೊತ್ತುಕೊಂಡು ಎರಡು ಮಹಡಿ ಹತ್ತುವವರು ಯಾರು? ಇಷ್ಟು ತಿಳಿಯಲು ನನ್ನ ಮಂದಬುದ್ಧಿಗೆ ಅಷ್ಟು ದಿನ ಬೇಕಾಯಿತು.

ಹುಡುಕಿಕೊಂಡು ಹೋದೆ. ಸಾಬರು ಹಿಂದಿನ ಬೀದಿಯಲ್ಲಿ, ಮುಚ್ಚಿದ ಹಿಟ್ಟಿನ ಗಿರಣಿಯ ಮುಂದೆ ಕೂತಿದ್ದರು. ಸುತ್ತ ಮೂಟೆಗಳಿದ್ದವು. ಅಕ್ಕಪಕ್ಕದ ಅಂಗಡಿಗಳಲ್ಲಿ ಹೆಂಗಸರ ಗಲಾಟೆ.

"ತಪ್ಪಾಯ್ತು ಸಾಬ್ರೇ. ಕೆಳಗಡೇನೇ ಜಾಗ ಕೊಡ್ತೀನಿ, ಬನ್ನಿ," ಅಂದೆ.

ಅವರು ಕೊಡೆಯ ಕಡ್ಡಿ ನೆಟ್ಟಗೆ ಮಾಡುತ್ತಲೇ, "ನಾನೇನೋ ಬಂದ್ಬಿಡ್ತೀನಿ ಅಣ್ಣ. ಆದ್ರೆ ಇನ್ಮೇಲೆ ಇಲ್ಲೇ ಇರ್ತೀನಿ ಅಂತ ಈ ಹೆಂಗಸ್ರಿಗೆಲ್ಲ ಹೇಳ್ಬಿಟ್ಟಿದೀನಿ. ಒಂದ್ಸಲ ಮೂಟೆ ಹೊತ್ಕೊಂಡು ಬೀದಿ ಬೀದಿ ಹುಡುಕಿದ್ರು ಪಾಪ. ಇನ್ನೊಂದ್ಸಲ ಅಲೆಸೋದು ಬೇಡ," ಅಂದರು.

ದನಿಯಲ್ಲಿ ಕೋಪವಿರಲಿಲ್ಲ. ಬೈದಿದ್ದರೆ ನನ್ನ ಮನಸ್ಸಾದರೂ ಹಗುರಾಗುತ್ತಿತ್ತು.

ನನ್ನ ಕೈಯಲ್ಲಿದ್ದ ತರಕಾರಿ ಚೀಲ ನೋಡಿ, "ಅದನ್ನ ಇಲ್ಲಿಡಿ. ಟೀ ಕುಡ್ಕೊಂಡು ಬನ್ನಿ, ನಾನು ನೋಡ್ಕೊತೀನಿ," ಅಂದರು.

ಇಟ್ಟೆ. ಅಷ್ಟು ವರ್ಷ ನಮ್ಮ ಜಗಲಿಯ ಮೇಲೇ ಇದ್ದರೂ ಅವರ ಬಳಿ ನಾನು ಏನನ್ನಾದರೂ ಇಟ್ಟು ಹೋದದ್ದು ಅದೇ ಮೊದಲು.