ರೀತಮ್ಮನ ಬಿಳಿ ಗೌನು

ದೆವ್ವ, ಪವಾಡ ಎಂದರೆ ನಕ್ಕುಬಿಡುವವಳು ನಾನು. ದುರ್ಗಿಗುಡಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೇನೆ. ಟೇಪಿಗೆ ಸಿಕ್ಕಿದ್ದು ನಿಜ, ಉಳಿದದ್ದೆಲ್ಲ ಬಾಯಿಮಾತು ಎಂದುಕೊಂಡು ಬದುಕಿದವಳು. ಈಗ ಹೇಳಹೊರಟಿರುವುದನ್ನು ನೀವು ನಂಬದಿದ್ದರೆ ಬೇಸರವಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ರೀತಮ್ಮ ಭದ್ರಾವತಿಯ ನ್ಯೂ ಟೌನಿನವರು. ರವಿಕೆ ಹೊಲಿಸಲು ಮೊದಲಿನಿಂದಲೂ ನನ್ನಲ್ಲಿಗೇ ಬರುತ್ತಿದ್ದರು. ಮದುವೆಯಾಗಿರಲಿಲ್ಲ. ಕಾರ್ಖಾನೆಯಲ್ಲಿದ್ದ ಅವರ ಅಣ್ಣ ಅಂತೋಣಪ್ಪ ಸೊಂಟದಿಂದ ಕೆಳಗೆ ಸ್ವಾಧೀನ ತಪ್ಪಿ ಹಾಸಿಗೆ ಹಿಡಿದಿದ್ದರು. ದಪ್ಪ ಆಳು. ಅವರನ್ನು ಎತ್ತಿ, ಮಗ್ಗುಲು ಬದಲಿಸಿ, ಸ್ನಾನ ಮಾಡಿಸಿ ರೀತಮ್ಮನ ಬೆನ್ನು ಬಾಗಿಹೋಗಿತ್ತು. ನೆಲ ನೋಡಿಕೊಂಡೇ ನಡೆಯುತ್ತಿದ್ದರು. "ಅಣ್ಣನಿಗೆ ಹೋಮ್ ನರ್ಸ್ ಇಡೋಣ, ನೀನು ನಮ್ಮನೇಲಿ ಆರಾಮಾಗಿರು" ಎಂದು ಆಲ್ಕೊಳದ ತಂಗಿ ಗೋಗರೆದರೂ ಒಪ್ಪಲಿಲ್ಲ.

ನನಗೇ ಒಮ್ಮೆ ರೇಗಿಹೋಯಿತು. "ನಿಮ್ಮ ದೇವರಿಗೇನು ಕಣ್ಣಿಲ್ವಾ?" ಎಂದೆ.

"ಇದೆ ಮಾರಾಯ್ತಿ. ಕೊಡೋದನ್ನೆಲ್ಲ ಇಲ್ಲೇ ಕೊಡ್ತೀನಿ ಅಂತ ಅವನು ಯಾವತ್ತು ಹೇಳಿದ್ದಾನೆ?" ಎಂದು ನಕ್ಕರು.

ಆಮೇಲೊಂದು ದಿನ ಬಿಳಿ ಸ್ಯಾಟಿನ್ ಬಟ್ಟೆ ತಂದರು. "ಮದುವೆ ಆಗ್ದೇ ಇರೋರನ್ನ ನಮ್ಮನೇಲಿ ಬಿಳಿ ಗೌನ್ ಹಾಕಿ ಮಣ್ಣು ಮಾಡ್ತಾರೆ. ಈಗ್ಲೇ ಹೊಲಿದು ಕೊಡು" ಎಂದರು. ಟೇಪು ತೆಗೆದರೆ ಕೈ ತಡೆದರು. "ನನ್ನ ತಂಗಿ ಅಳತೆ ನಿನ್ನ ಪುಸ್ತಕದಲ್ಲಿ ಇದೆಯಲ್ಲ, ಅದಕ್ಕೆ ಹೊಲಿ. ಇಬ್ರೂ ಒಂದೇ ಎತ್ತರ ಇದ್ವಿ. ಅಲ್ಲಿಗೂ ಬಗ್ಗಿಕೊಂಡೇ ಹೋಗ್ಲಾ?"

ತೊಟ್ಟು ನೋಡಲು ಬಂದದ್ದು ಮಟಮಟ ಮಧ್ಯಾಹ್ನ. ಗೌನು ಒಂದು ಗೇಣು ನೆಲಕ್ಕೆ ಬಿದ್ದಿತ್ತು. ಎಡವಿ ಬಿದ್ದಾರೆಂದು ಹೆದರಿ, ಅವರನ್ನು ಕೇಳದೆ ಅಂಚು ಮಡಚಿ ಪಿನ್ ಹಾಕಲು ಮೊಣಕಾಲೂರಿ ಕುಳಿತೆ. ಹೊರಗೆ ಆಟೋಗಳ ಹಾರನ್ ಕೇಳುತ್ತಿತ್ತು. ಹಿಡಿದಿದ್ದ ಅಂಚು ನನ್ನ ಬೆರಳುಗಳ ನಡುವಿನಿಂದ ಮೆಲ್ಲಗೆ ಮೇಲಕ್ಕೆ ಸರಿಯಿತು. ಯಾರೋ ಎಳೆದ ಹಾಗಲ್ಲ, ಕೂತವರು ಎದ್ದು ನಿಂತಾಗ ಸೀರೆಯ ನೆರಿಗೆ ಏಳುವ ಹಾಗೆ. ನೆಲದ ಮೇಲೆ ಬಟ್ಟೆಯೇ ಉಳಿಯಲಿಲ್ಲ, ಅವರ ಹಿಮ್ಮಡಿ ಕಂಡಿತು. ನನ್ನ ತಲೆಯ ಮೇಲೆ, ಬಹಳ ಎತ್ತರದಲ್ಲಿ, ಯಾರೋ ನೀಳವಾಗಿ ಉಸಿರು ಬಿಟ್ಟರು. ಕತ್ತೆತ್ತಲು ನನಗೆ ಧೈರ್ಯವಾಗಲಿಲ್ಲ. ಕೊನೆಗೆ ಎತ್ತಿದಾಗ ರೀತಮ್ಮ ಎಂದಿನಂತೆ ಬಾಗಿ, ಗೋಡೆ ಹಿಡಿದು ನಿಂತಿದ್ದರು. ಗೌನು ಮತ್ತೆ ನೆಲದ ಮೇಲೆ ಗುಪ್ಪೆಯಾಗಿತ್ತು.

"ಹಾಗೇ ಬಿಡು ಕಣೇ" ಎಂದರಷ್ಟೆ.

ಕೆಲವು ತಿಂಗಳಲ್ಲೇ ಅವರು ತೀರಿಕೊಂಡರು. ಸುದ್ದಿ ತಿಳಿದು ನ್ಯೂ ಟೌನಿಗೆ ಹೋದೆ. ಬಾಗಿದ ಜೀವವೆಂದು ಮೊದಲು ಚಿಕ್ಕ ಪೆಟ್ಟಿಗೆ ತರಿಸಿದ್ದರಂತೆ. ಕಾಲು ಹಿಡಿಸದೆ ಅದನ್ನು ವಾಪಸು ಕಳಿಸಿ ದೊಡ್ಡದು ತಂದಿದ್ದರು. ಅದರಲ್ಲಿ ರೀತಮ್ಮ ನೆಟ್ಟಗೆ ಮಲಗಿದ್ದರು. ಗೌನಿನ ಅಂಚು ಸರಿಯಾಗಿ ಹಿಮ್ಮಡಿಗೆ ಬಂದಿತ್ತು. ಉಸಿರು ಹೋದ ಮೇಲೆ ಮೈ ಸಡಿಲವಾಗುತ್ತದೆ ಎಂದು ಅಲ್ಲಿದ್ದ ನರ್ಸ್ ಒಬ್ಬರು ಹೇಳಿದರು. ಇರಬಹುದು. ಆದರೆ ನನ್ನ ಕೈಯಿಂದ ಅಂಚು ಜಾರಿದ ದಿನ ಅವರು ಬದುಕಿದ್ದರಲ್ಲ!

ಅಂತೋಣಪ್ಪ ಒಳಕೋಣೆಯಲ್ಲಿದ್ದರು. ಹೊರಗೆ ಕರೆತರುತ್ತೇವೆಂದರೆ ಬೇಡವೆಂದು ಹಟ ಹಿಡಿದಿದ್ದರಂತೆ. ನನ್ನ ಕೈ ಹಿಡಿದುಕೊಂಡು, "ಅವಳನ್ನ ಬಗ್ಗಿಸಿದೋನು ನಾನೇ ಕಣಮ್ಮ. ಯಾವ ಮುಖ ಇಟ್ಕೊಂಡು ನೋಡ್ಲಿ? ನಿಜ ಹೇಳು, ಬೆನ್ನು ನೆಟ್ಟಗಾಗಿದ್ಯಾ?" ಎಂದು ಕೇಳಿದರು.

"ಆಗಿದೆ" ಎಂದೆ.

ಬಿಕ್ಕಿ ಬಿಕ್ಕಿ ಅತ್ತರು. ಆಮೇಲೆ, "ಹಾಗಾದ್ರೆ ಎತ್ಕೊಂಡು ಹೋಗಿ, ನೋಡ್ತೀನಿ" ಎಂದರು.

ನಾಲ್ವರು ಗಂಡಸರು ಬಂದರು. ಏದುಸಿರು ಬಿಡುತ್ತಾ, ಎರಡು ಕಡೆ ನಿಂತು ಸುಧಾರಿಸಿಕೊಂಡು, ಅವರನ್ನು ಹೊರಗಿನ ಕೋಣೆಗೆ ಸಾಗಿಸಿದರು. ದಿನವೂ ರೀತಮ್ಮ ಒಬ್ಬರೇ ಅವರನ್ನು ಹೇಗೆ ಎತ್ತುತ್ತಿದ್ದರೋ, ಅದೂ ನನಗೆ ಇವತ್ತಿನವರೆಗೆ ಗೊತ್ತಾಗಿಲ್ಲ.