ಎರಡು ಓಣಿ ಆಚೆಯ ಗೌಂಡಿ

ಶಹಾಪುರದಲ್ಲಿ ನಮ್ಮ ಮನೆ ಕಟ್ಟಿದ ಗೌಂಡಿ ಎರಡು ಓಣಿ ಆಚೆಗಿದ್ದ. ಹೈದರಾಬಾದಿನ ಕೆಲಸದವರನ್ನು ಜೀಪಿನಲ್ಲಿ ತರಿಸಿದರೆ ಎಷ್ಟೊಂದು ಹೊಗೆ ಎಂದು ಮನೆಯವರಿಗೆಲ್ಲ ಭಾಷಣ ಬಿಗಿದು, ಅವನನ್ನು ಆರಿಸಿದ್ದು ನಾನೇ.

ಅವನೋ, ಚಹಾಕ್ಕೂ ಮನೆ, ಊಟಕ್ಕೂ ಮನೆ, ತಂಬಾಕಿಗೂ ಮನೆ. ಕರಣೆ ಕೆಳಗಿಟ್ಟು, ಧೋತರ ಝಾಡಿಸಿ, "ಮನಿ ಇಲ್ಲೇ ಐತಲ್ರಿ, ಹಿಂಗ್ ಹೋಗಿ ಹಂಗ್ ಬಂದೆ" ಎನ್ನುತ್ತಿದ್ದ. ಬರುತ್ತಿರಲಿಲ್ಲ. ಕಲಸಿದ ಸಿಮೆಂಟು ಗಟ್ಟಿಯಾಗುವ ಭಯಕ್ಕೆ ಬೈಕಿನಲ್ಲಿ ಹೋಗಿ ಕೂರಿಸಿಕೊಂಡು ತರುತ್ತಿದ್ದೆ. ಎರಡು ಓಣಿ ನಡೆದರೆ ನನ್ನ ಘನತೆ ಏನಾಗಬೇಕು?

ಗೃಹಪ್ರವೇಶದ ದಿನ ಬೀಗರ ಮುಂದೆ ಎದೆಯುಬ್ಬಿಸಿದೆ: "ಕೆಲಸದವರನ್ನ ತರಾಕ ನಾವು ಒಂದ್ ಹನಿ ಡೀಸೆಲ್ ಸುಟ್ಟಿಲ್ರಿ!"

ಪಂಕ್ತಿಯಲ್ಲಿ ಹೋಳಿಗೆ ಮುರಿಯುತ್ತಿದ್ದ ಗೌಂಡಿ ತಲೆಯಾಡಿಸಿದ.

"ಖರೇ ಐತ್ರಿ. ದಿನಾ ನನ್ನ ಹೊತ್ತು ತಂದ ಸಾಹೇಬ್ರ ಬೈಕ್ ಪೆಟ್ರೋಲಿಂದು."