ಸ್ಪ್ರಿಂಗ್ ಇದ್ದ ರೋಲು

ಮೆಟ್ರೋಗೆಂದು ದೆಹಲಿಯನ್ನೆಲ್ಲ ಅಗೆಯುತ್ತಿದ್ದ ವರ್ಷಗಳವು. ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ ನನಗೊಂದು ಹೆಸರಿತ್ತು: ಇಡ್ಲಿವಾಲಿ. ಬ್ಲಾಕಿನ ಹೆಂಗಸರು ಒಬ್ಬೊಬ್ಬರು ಒಂದೊಂದು ಮಾಡಿ ತಂದು ಹಂಚಿಕೊಂಡು ತಿನ್ನುವುದು ರೂಢಿ. ಪ್ರತಿ ಸಲವೂ ಎದುರುಮನೆಯ ಭಾಭಿ, "ಆಪ್ ತೋ ಇಡ್ಲಿ ಹೀ ಲಾಯೇಂಗಿ ನಾ?", ನೀವು ಇಡ್ಲಿಯನ್ನೇ ತಾನೇ ತರೋದು, ಎನ್ನುತ್ತಿದ್ದಳು. ನಮಗೆ ಬೇರೇನೂ ಬಾರದೆಂಬ ಆ 'ಹೀ' ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಂದು ಹೋಳಿ ಹಬ್ಬಕ್ಕೆ, "ಈ ಸಲ ಸ್ಪ್ರಿಂಗ್ ರೋಲ್" ಎಂದು ಜಂಬ ಕೊಚ್ಚಿಬಿಟ್ಟೆ.

ಮಾಡಿ ಗೊತ್ತಿದ್ದರೆ ತಾನೇ? ಎಣ್ಣೆಗೆ ಬಿಟ್ಟ ಮೊದಲ ರೋಲುಗಳೆಲ್ಲ ಬಾಯಿಬಿಟ್ಟವು. ಬಾಣಲೆ ತುಂಬ ಎಲೆಕೋಸು ತೇಲಿತು. ಈ ಮೈದಾನೇ ಸರಿಯಿಲ್ಲ ಎಂದು ಗೊಣಗಿದೆ.

ಊರಿನಿಂದ ಬಂದಿದ್ದ ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಕುಣೀಲಾರದವಳು ನೆಲ ಡೊಂಕು ಅಂದಳಂತೆ. ಆಚೆ ಸರಿ. ಏನು ಇದರ ಹೆಸರು?"

"ಸ್ಪ್ರಿಂಗ್ ರೋಲ್, ಅತ್ತೆ."

ಅವರು ಅದನ್ನು ಕಂಡವರೇ ಅಲ್ಲ. ಆದರೂ ಹೊಸದಾಗಿ ಹೆಚ್ಚಿದ ಎಲೆಕೋಸಿಗೆ ಉಪ್ಪು ಹಚ್ಚಿ, ನೀರನ್ನೆಲ್ಲ ಹಿಂಡಿ, ಸೋಯಾ ಸಾಸ್ ಹಾಕಿ ಹುರಿದರು. ಹಿಟ್ಟನ್ನು ಮತ್ತೆ ನಾದಿದರು. ಹಪ್ಪಳ ಲಟ್ಟಿಸಿ ಪಳಗಿದ ಕೈ. ಹಿಟ್ಟಿನ ಕೆಳಗೆ ಮಣೆಯ ಗೆರೆ ಕಾಣುವಷ್ಟು ತೆಳ್ಳಗೆ ಲಟ್ಟಿಸಿದರೂ ಎಲ್ಲೂ ಹರಿಯಲಿಲ್ಲ. ಆ ಕೈಗಳನ್ನು ಕಣ್ಣಿಗೊತ್ತಿಕೊಳ್ಳಬೇಕು ಅನ್ನಿಸಿತು ನನಗೆ.

ಆಮೇಲೆ ಪಲ್ಯವನ್ನು ಉದ್ದಕ್ಕೆ ಇಟ್ಟು, ಹಗ್ಗದಂತೆ ಸುತ್ತಿ, ಅದನ್ನು ಚಕ್ಕುಲಿಯ ಹಾಗೆ ಸುರುಳಿ ಮಾಡಿಬಿಟ್ಟರು.

"ಅಯ್ಯೋ ಅತ್ತೆ, ಅದು ನೇರ ಇರಬೇಕು."

"ನೇರ ಇದ್ರೆ ಸ್ಪ್ರಿಂಗ್ ಹೇಗಾಗತ್ತೆ? ಪೆನ್ನಿನೊಳಗಿನ ಸ್ಪ್ರಿಂಗ್ ನೋಡಿಲ್ವಾ ನೀನು?"

ಬಿಡಿಸಿ ಹೇಳಲು ಹೊತ್ತಿರಲಿಲ್ಲ. ಒಂದೂ ಒಡೆಯದೆ ಹೊಂಬಣ್ಣಕ್ಕೆ ಬೆಂದವು, ನಿಜ. ಆದರೂ ಇವತ್ತು ಮಾನ ಹೋಯಿತು ಎಂದುಕೊಂಡೇ ತಟ್ಟೆ ಹಿಡಿದು ಹೋದೆ. ಅತ್ತೆಯೂ ಜೊತೆಗೆ ಬಂದರು.

ಭಾಭಿ ಒಂದನ್ನು ಎತ್ತಿ ಹಿಂದೆಮುಂದೆ ತಿರುಗಿಸಿದಳು. "ಯೇ ಸ್ಪ್ರಿಂಗ್ ರೋಲ್ ಹೈ?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ತಮ್ಮ ಹರಕು ಹಿಂದಿಯಲ್ಲಿ, "ಸ್ಪ್ರಿಂಗ್ ದಿಖ್ತಾ ನಹೀಂ?" ಎಂದು, ಕಾಣಿಸುವುದಿಲ್ಲವೇ ಎನ್ನುವಂತೆ ಸುರುಳಿಯನ್ನು ತೋರಿಸಿದರು.

ಎಲ್ಲರೂ ನಕ್ಕರು. ಭಾಭಿ ಕಚ್ಚಿದಳು, ಕರುಮ್ ಎಂದಿತು. ಕೂಡಲೇ ಇನ್ನೊಂದಕ್ಕೆ ಕೈ ಹಾಕಿದಳು. ಮಕ್ಕಳು ಬರುವಷ್ಟರಲ್ಲಿ ತಟ್ಟೆ ಬರಿದಾಗಿತ್ತು.

ಅಲ್ಲಿಗೆ ಇಡ್ಲಿವಾಲಿ ಎಂಬ ಹೆಸರು ಅಳಿಯಿತು. ಅತ್ತೆ ಊರಿಗೆ ಮರಳಿದ ಮೇಲೂ ಇಡೀ ಬ್ಲಾಕಿಗೆ ನಾನು ಸ್ಪ್ರಿಂಗ್‌ವಾಲಿ ಅಮ್ಮಾಜಿಯ ಸೊಸೆ. ಹಾಗೆಂದು ಕರೆದಾಗಲೆಲ್ಲ ಖುಷಿಯಿಂದ ಓಗೊಡುತ್ತಿದ್ದೆ.